ಮೊಬೈಲ್ ಡೇಟಾದಲ್ಲಿ ಬರುತ್ತೆ, ವೈಫೈಯಲ್ಲಿ ಬರಲ್ಲ

‘ಡ್ಯಾಶ್‌ಬೋರ್ಡಲ್ಲಿ ಕನೆಕ್ಷನ್ ಎರರ್ ಬರ್ತಾ ಇದೆ. ಪ್ಲಗಿನ್ ಎಲ್ಲಾ ತೆಗೆದುಬಿಡ್ಲಾ?’

ಭಾನುವಾರ ಸಂಜೆ ಶಿರಸಿಯಿಂದ ಬಂದ ಫೋನು. ಆ ಕಡೆ ಇದ್ದವರು ನಿವೃತ್ತ ಅಧ್ಯಾಪಕರು. ತಾವು ಕೇಳಿದ ತಾಳಮದ್ದಲೆಗಳ ನೆನಪು ಬರೆದು ತಮ್ಮದೇ ವರ್ಡ್‌ಪ್ರೆಸ್ ತಾಣದಲ್ಲಿ ಹಾಕುತ್ತಾರೆ. ತಾಣ ಇರುವುದು ಅವರ ಮನೆಯ ಜಗುಲಿಗೆ ತಾಗಿದ ಕೋಣೆಯಲ್ಲಿ, ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ. ಬೆಂಗಳೂರಲ್ಲಿರುವ ಮಗ ರಜೆಗೆ ಬಂದಾಗ ಲಿನಕ್ಸ್ ಹಾಕಿ, ಫೈಬರ್ ಕಂಪನಿಯಿಂದ ಸ್ಥಿರ ಐಪಿ ತೆಗೆಸಿ, ರೂಟರಿನಲ್ಲಿ ಬಾಗಿಲು ತೆರೆದಿಟ್ಟು ಹೋಗಿದ್ದಾನೆ.

‘ಏನನ್ನೂ ಮುಟ್ಟಬೇಡಿ ಸಾರ್. ಪರದೆ ಮೇಲೆ ಏನು ಬರೆದಿದೆಯೋ ಅದನ್ನ ಅಕ್ಷರ ಬಿಡದೆ ಓದಿ.’

‘ಏನೋ ಇಂಗ್ಲಿಷಲ್ಲಿದೆ ಮಾರಾಯ್ರೆ. ಕನೆಕ್ಷನ್ ಆಗಲಿಲ್ಲ ಅಂತ.’

ಕನೆಕ್ಷನ್ ಎರರ್ ಅಂದರೆ ಡಾಕ್ಟರ ಮುಂದೆ ಕೂತು ‘ಮೈ ಸರಿಯಿಲ್ಲ’ ಎಂದ ಹಾಗೆ. ಸ್ವಂತ ತಾಣ ಸಾಕುವ ಹವ್ಯಾಸಕ್ಕೆ ಬಿದ್ದು ಇಷ್ಟು ವರ್ಷದಲ್ಲಿ ನಾನು ಕಲಿತ ಒಂದೇ ಪಟ್ಟು: ಯಾರು ಯಾರ ಜೊತೆ ಮಾತಾಡಲು ಹೊರಟಿದ್ದರು ಅಂತ ಮೊದಲು ಕೇಳುವುದು. ಡ್ಯಾಶ್‌ಬೋರ್ಡ್ ಎಂಬ ಒಂದು ಪುಟ ತೆರೆದುಕೊಳ್ಳುವ ಹೊತ್ತಿಗೆ ಹಿಂದುಗಡೆ ನಾಲ್ಕು ಸಂಭಾಷಣೆ ನಡೆದಿರುತ್ತವೆ. ನಮ್ಮ ಬ್ರೌಸರ್ ಸರ್ವರಿನ ಜೊತೆ. ಸರ್ವರಿನೊಳಗಿನ ಪಿಎಚ್‌ಪಿ ಡೇಟಾಬೇಸಿನ ಜೊತೆ. ಸರ್ವರು ಹೊರಗಿನ ವರ್ಡ್‌ಪ್ರೆಸ್ ಕೇಂದ್ರದ ಜೊತೆ. ಕೊನೆಯದು, ಎಲ್ಲಕ್ಕಿಂತ ವಿಚಿತ್ರವಾದದ್ದು, ಸರ್ವರು ತನ್ನ ಜೊತೆ ತಾನೇ. ಎಳೆ ಎಲ್ಲಿ ಕಡಿದಿದೆ ಎಂದು ಗೊತ್ತಿಲ್ಲದೆ ಪ್ಲಗಿನ್ ಕೀಳಲು ಕೂರುವುದು, ದೀಪ ಹತ್ತಲಿಲ್ಲ ಎಂದು ಬಾವಿ ತೋಡಿದಂತೆ.

ಎರಡನೆಯ ಸಂಭಾಷಣೆ, ಡೇಟಾಬೇಸಿನದು, ಕಡಿಯುವುದನ್ನು ನಾನು ಮೈಯಾರೆ ಉಂಡಿದ್ದೇನೆ. ಆಗ ನನ್ನ ತಾಣ ಒಂದು ಜಿಬಿ ಮೆಮೊರಿಯ ಬಾಡಿಗೆ ಯಂತ್ರದಲ್ಲಿತ್ತು. ಬೆಳಗ್ಗೆ ಎದ್ದು ನೋಡಿದರೆ ಬಿಳಿ ಪುಟ, ಅದರ ಮೇಲೆ ಡೇಟಾಬೇಸ್ ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಒಂದು ಸಾಲು. ಡೇಟಾಬೇಸ್ ಮತ್ತೆ ಚಾಲೂ ಮಾಡಿದರೆ ಸರಿ. ಮರುದಿನ ಮತ್ತೆ ಅದೇ. ಎರಡು ವಾರ ಹೀಗೇ ಕಾಫಿಗೆ ಮುಂಚೆ ಡೇಟಾಬೇಸ್ ಎಬ್ಬಿಸುವುದು ನನ್ನ ನಿತ್ಯಕರ್ಮವಾಗಿತ್ತು. ನಡುವೆ ಪಾಸ್‌ವರ್ಡ್ ಸರಿಯಿದೆಯೇ ಎಂದು ಮೂರು ಸಲ ನೋಡಿದ್ದೆ. ಪಾಸ್‌ವರ್ಡು ರಾತ್ರಿ ಎದ್ದು ತಾನೇ ಬದಲಾಗುವುದಿಲ್ಲ ಎಂದು ಹೊಳೆಯಲು ಅಷ್ಟು ದಿನ ಬೇಕಾಯಿತು.

ಕೊನೆಗೆ ಲಿನಕ್ಸಿನ ಕರ್ನೆಲ್ ಲಾಗ್ ತೆಗೆದೆ. ರಾತ್ರಿ ಎರಡು ಗಂಟೆ ಚಿಲ್ಲರೆಗೆ ಒಂದು ಸಾಲು: ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್, ಮುಂದೆ ಮೈಎಸ್‌ಕ್ಯೂಎಲ್‌ನ ಹೆಸರು. ಅಂದರೆ ಡೇಟಾಬೇಸ್ ಸತ್ತಿರಲಿಲ್ಲ, ಕೊಲೆಯಾಗಿತ್ತು. ಮೆಮೊರಿ ಮುಗಿದಾಗ ಲಿನಕ್ಸ್ ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದು ಕೂತವನನ್ನು ಹುಡುಕಿ ಮುಗಿಸುತ್ತದೆ. ಸಣ್ಣ ಯಂತ್ರದಲ್ಲಿ ಆ ದಪ್ಪ ದೇಹ ಸಾಮಾನ್ಯವಾಗಿ ಡೇಟಾಬೇಸಿನದೇ. ಆದರೆ ಜಾಗ ತಿಂದವರು ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಅಪಾಚೆ ಸರ್ವರು ಹಳೆಯ ಪ್ರಿಫೋರ್ಕ್ ಪದ್ಧತಿಯಲ್ಲಿ ಓಡುವಾಗ ಏಕಕಾಲಕ್ಕೆ 150 ಕೆಲಸಗಾರರನ್ನು ಎಬ್ಬಿಸಬಹುದು ಎಂದು ಮೊದಲೇ ಬರೆದಿಟ್ಟಿರುತ್ತದೆ. ನನ್ನ ಯಂತ್ರದಲ್ಲಿ ವರ್ಡ್‌ಪ್ರೆಸ್ ಹೊತ್ತ ಒಬ್ಬೊಬ್ಬ ಸುಮಾರು 40 ಎಂಬಿ ತಿನ್ನುತ್ತಿದ್ದ. ಗುಣಿಸಿ ನೋಡಿ: ಆರು ಜಿಬಿ. ಇರುವುದು ಒಂದು. ರಾತ್ರಿ ಎರಡಕ್ಕೆ ಬ್ಯಾಕಪ್ ಶುರುವಾಗುವುದು, ಅದೇ ಹೊತ್ತಿಗೆ ಎಲ್ಲಿಂದಲೋ ಬಾಟ್‌ಗಳು ಬಂದು ಲಾಗಿನ್ ಪುಟ ಬಡಿಯುವುದು. ಹತ್ತು ಎಲೆ ಹಾಕುವ ಪಡಸಾಲೆಗೆ ನೂರೈವತ್ತು ಜನರನ್ನು ಕರೆದಂತಾಗಿತ್ತು. ಸಂಖ್ಯೆಯನ್ನು 10ಕ್ಕೆ ಇಳಿಸಿದೆ, ಡಿಸ್ಕಿನಲ್ಲಿ ಎರಡು ಜಿಬಿ ಸ್ವಾಪ್ ಕೊಟ್ಟೆ. ಆಮೇಲೆ ಕಾಫಿ ಬಿಸಿಯಾಗಿಯೇ ಸಿಗತೊಡಗಿತು.

ವರ್ಡ್‌ಪ್ರೆಸ್ ಇಲ್ಲಿ ಸ್ವಲ್ಪ ಮಳ್ಳನಂತೆ ಇರುತ್ತದೆ. ಡೇಟಾಬೇಸ್ ಏನು ಹೇಳಿದರೂ ಹೊರಗಿನವರಿಗೆ ಅದೇ ಒಂದು ಸಾಲು. ಭದ್ರತೆಗೆ ಅದು ಒಳ್ಳೆಯದೇ. ಆದರೆ ಡೀಬಗ್ ಲಾಗ್ ಚಾಲೂ ಮಾಡಿದರೆ ಒಳಗಿನ ನಂಬರು ಸಿಗುತ್ತದೆ. 2002 ಎಂದರೆ ಬಾಗಿಲೇ ಸಿಗಲಿಲ್ಲ. 1045 ಎಂದರೆ ಬಾಗಿಲು ತೆರೆದರು, ಹೆಸರು ಕೇಳಿ ವಾಪಸು ಕಳಿಸಿದರು; ಪಾಸ್‌ವರ್ಡ್ ನೋಡಬೇಕಾದದ್ದು ಆಗ ಮಾತ್ರ. 1040 ಎಂದರೆ ಒಳಗೆ ಜನ ತುಂಬಿದ್ದಾರೆ. ಮೈಎಸ್‌ಕ್ಯೂಎಲ್ ತಾನಾಗಿ ಬಿಡುವ ಮಿತಿ 151. ಇನ್ನೊಂದು ಮಾತು, ಇದು ಬಲ್ಲವರನ್ನೂ ಬೀಳಿಸುತ್ತದೆ. ಬೇರೆಲ್ಲ ಕಡೆ ಲೋಕಲ್‌ಹೋಸ್ಟ್ ಅಂದರೂ 127.0.0.1 ಅಂದರೂ ಒಂದೇ. ಲಿನಕ್ಸಿನ ಮೈಎಸ್‌ಕ್ಯೂಎಲ್‌ಗೆ ಅಲ್ಲ. ಮೊದಲನೆಯದು ಬರೆದರೆ ಸಾಕೆಟ್ ಎಂಬ ಫೈಲಿನ ಮೂಲಕ ಒಳಹಾದಿ. ಎರಡನೆಯದು ಬರೆದರೆ ನೆಟ್‌ವರ್ಕ್ ಸುತ್ತಿ 3306ನೇ ಪೋರ್ಟಿಗೆ. ಒಳಹಾದಿ ಕೆಟ್ಟಾಗ ಸುತ್ತುಹಾದಿ ಸರಿಯಿರಬಹುದು. ಕಾನ್ಫಿಗ್ ಫೈಲಿನಲ್ಲಿ ಆ ಒಂದು ಪದ ಬದಲಿಸಿದ್ದಕ್ಕೇ ತಾಣ ಎದ್ದು ಕೂತದ್ದನ್ನು ಕಂಡಿದ್ದೇನೆ.

ಶಿರಸಿಗೆ ಮರಳೋಣ. ಅಧ್ಯಾಪಕರು ಕನ್ನಡಕ ಹಾಕಿಕೊಂಡು ಓದಿದರು. 2019ರಲ್ಲಿ ಬಂದ 5.2ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ಸಿಗೆ ಸೈಟ್ ಹೆಲ್ತ್ ಎಂಬ ಪುಟವಿದೆ. ಯಂತ್ರದ ನಾಡಿ ಹಿಡಿದು ನೋಡುವ ಪುಟ. ಅದರಲ್ಲಿ ಲೂಪ್‌ಬ್ಯಾಕ್ ಕೋರಿಕೆ, ಅಂದರೆ ಸರ್ವರು ತನಗೆ ತಾನೇ ಮಾಡುವ ಕರೆ, ವಿಫಲ ಎಂದಿತ್ತು. ಕೆಳಗೆ ಕರ್ಲ್ ಎರರ್ 28, ಕನೆಕ್ಷನ್ ಟೈಮ್ಡ್ ಔಟ್, 10001 ಮಿಲಿಸೆಕೆಂಡ್.

ಕರೆ ಮಾಡಲು ವರ್ಡ್‌ಪ್ರೆಸ್ ಬಳಸುವ ತಂತ್ರಾಂಶ ಕರ್ಲ್; ಅದರ ಈ ನಂಬರುಗಳು ನನಗೆ ಪ್ರಿಯ. 6 ಬಂದರೆ ವಿಳಾಸವೇ ಸಿಗಲಿಲ್ಲ, ಡಿಎನ್‌ಎಸ್ ನೋಡು. 7 ಬಂದರೆ ಹೋದೆ, ಬಾಗಿಲು ಹಾಕಿತ್ತು. 60 ಬಂದರೆ ಎದುರಿದ್ದವನ ಗುರುತಿನ ಚೀಟಿ ನಂಬುವಂತಿಲ್ಲ. 28 ಮಾತ್ರ ಎರಡು ನಾಲಿಗೆಯದು, ಅದರ ಮುಂದಿನ ಪದಗಳನ್ನೂ ಓದಬೇಕು. ‘ಕನೆಕ್ಷನ್ ಟೈಮ್ಡ್ ಔಟ್’ ಎಂದಿದ್ದರೆ ಕದ ತಟ್ಟಿದ ಸದ್ದೂ ಆ ಕಡೆ ತಲುಪಿಲ್ಲ, ನೆಟ್‌ವರ್ಕಿನ ತೊಂದರೆ. ‘ಆಪರೇಷನ್ ಟೈಮ್ಡ್ ಔಟ್’, ಸೊನ್ನೆ ಬೈಟ್ ಬಂತು ಎಂದಿದ್ದರೆ ಕದ ತೆರೆದಿದೆ, ಒಳಗೆ ಕೂರಿಸಿದ್ದಾರೆ, ಯಾರೂ ಮಾತಾಡಿಸಿಲ್ಲ. ಈ ಎರಡನೆಯದಕ್ಕೆ ಎಷ್ಟೋ ಸಲ ಕಾರಣ ಯಾವುದೋ ಪ್ಲಗಿನ್ ತೆರೆದು ಮುಚ್ಚದೆ ಬಿಟ್ಟ ಪಿಎಚ್‌ಪಿ ಸೆಷನ್. ಮೊದಲ ಕೋರಿಕೆ ಸೆಷನ್ ಫೈಲಿಗೆ ಬೀಗ ಹಾಕಿ ಕೂತಿರುತ್ತದೆ. ಅದೇ ಕುಕ್ಕಿ ಹಿಡಿದು ಹೋದ ಎರಡನೆಯದು ಬೀಗ ತೆಗೆಯಲಿ ಎಂದು ಕಾಯುತ್ತದೆ. ಎರಡನೆಯದು ಉತ್ತರಿಸಲಿ ಎಂದು ಮೊದಲನೆಯದು ಕಾಯುತ್ತದೆ. ಹತ್ತು ಸೆಕೆಂಡು ಇಬ್ಬರೂ ಮುಖ ನೋಡಿಕೊಂಡು ಕೂತು ಎದ್ದುಹೋಗುತ್ತಾರೆ. ಪ್ಲಗಿನ್ ಕೀಳಬೇಕಾದದ್ದು ಇಲ್ಲಿ.

ಅಧ್ಯಾಪಕರದ್ದು ಮೊದಲ ನಾಲಿಗೆ. ಕೇಳಿದೆ: ‘ನಿಗದಿ ಮಾಡಿಟ್ಟ ಬರಹ ಹೊತ್ತಿಗೆ ಸರಿಯಾಗಿ ಹೊರಬರ್ತಾ ಇದೆಯಾ?’

‘ಇಲ್ಲ ನೋಡಿ! ಅದನ್ನೇ ಹೇಳೋಣ ಅಂತಿದ್ದೆ. ಸೋಮವಾರ ಬೆಳಗ್ಗೆ ಆರಕ್ಕೆ ಅಂತ ಇಟ್ಟಿದ್ದು ಇವತ್ತಿಗೂ ಬಂದಿಲ್ಲ.’

ವರ್ಡ್‌ಪ್ರೆಸ್ಸಿಗೆ ಗಡಿಯಾರ ಇಲ್ಲ. ಯಾರಾದರೂ ಪುಟ ನೋಡಲು ಬಂದಾಗ ಎಚ್ಚೆತ್ತು, ಬಾಕಿ ಕೆಲಸ ಏನಾದರೂ ಇದೆಯೇ ಎಂದು ತನ್ನ ವಿಳಾಸಕ್ಕೆ ತಾನೇ ಒಂದು ಕರೆ ಹಾಕಿಕೊಳ್ಳುತ್ತದೆ. ಆ ಕರೆ ಮುಟ್ಟದಿದ್ದರೆ ನಿಗದಿಯ ಬರಹ ಅಲ್ಲೇ ಕೂರುತ್ತದೆ. ಡ್ಯಾಶ್‌ಬೋರ್ಡಿನಿಂದ ಥೀಮಿನ ಪಿಎಚ್‌ಪಿ ಫೈಲ್ ತಿದ್ದಿದಾಗಲೂ ತಾಣ ಮುರಿಯಿತೇ ಎಂದು ಇದೇ ಕರೆಯಿಂದ ಪರೀಕ್ಷಿಸುತ್ತದೆ. ಕರೆ ಮುಟ್ಟದಿದ್ದರೆ ತಿದ್ದಿದ್ದನ್ನು ಉಳಿಸುವುದೇ ಇಲ್ಲ.

‘ಊರಿನವರಿಗೆ ತಾಣ ಕಾಣ್ತಿದೆಯಾ?’

‘ಕಾಣ್ತಿದೆ. ಅಮೆರಿಕದಿಂದ ಮೊಮ್ಮಗಳು ಓದ್ತಾಳೆ. ನಾನು ಬರೆಯೋ ಲ್ಯಾಪ್‌ಟಾಪಲ್ಲೂ ಕಾಣ್ತದೆ. ಈ ಫೋನೊಂದೇ ಕೆಟ್ಟದ್ದು. ಮೊಬೈಲ್ ಡೇಟಾದಲ್ಲಿ ಬರುತ್ತೆ, ಮನೆ ವೈಫೈಗೆ ಹಾಕಿದ್ರೆ ಸುಮ್ಮನೆ ಸುತ್ತುತ್ತೆ.’

ಕೆಟ್ಟದ್ದು ಫೋನಲ್ಲ. ಮನೆಯ ಒಳಗಿಂದ ಯಾರಾದರೂ ಮನೆಯದೇ ಹೊರವಿಳಾಸ ಕೇಳಿದರೆ, ರೂಟರು ಆ ಪತ್ರವನ್ನು ಹೊಸಿಲಿನಲ್ಲೇ ತಿರುಗಿಸಿ ಒಳಗೆ ಕೊಡಬೇಕು. ಕೆಲವು ರೂಟರುಗಳಿಗೆ ಆ ತಿರುವು ಬರುವುದಿಲ್ಲ. ಪತ್ರ ಅಲ್ಲೇ ಕಳೆದುಹೋಗುತ್ತದೆ. ಕೂದಲಪಿನ್ನಿನ ಆಕಾರದ ತಿರುವು ಎಂದು ಇದಕ್ಕೆ ಹೇರ್‌ಪಿನ್ ಎಂದೇ ಹೆಸರು. ಹೊರಗಿನ ಜಗತ್ತಿಗೆ ತಾಣ ತೆರೆದಿದೆ, ಮನೆಯ ಫೋನಿಗೆ ಮುಚ್ಚಿದೆ. ಸರ್ವರ್ ಕೂಡ ಅದೇ ಮನೆಯಲ್ಲಿದೆ. ತಾನು ಹೊತ್ತು ಕೂತ ತಾಣಕ್ಕೆ ತಾನೇ ಕರೆ ಮಾಡಲು ರೂಟರಿನ ಹೊಸಿಲಿಗೆ ಹೋಗಿ ಅಲ್ಲಿ ಕಳೆದುಹೋಗುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕತೆ.

ಹಾಗಾದರೆ ಅವರ ಬರೆಯುವ ಲ್ಯಾಪ್‌ಟಾಪಿನಲ್ಲಿ ಹೇಗೆ ಕಾಣುತ್ತಿತ್ತು? ಮಗನಿಗೆ ಫೋನು ಹೋಯಿತು. ಅಪ್ಪನಿಗೆ ತೊಂದರೆಯಾಗದಿರಲಿ ಎಂದು ಆ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲಿನಲ್ಲಿ ತಾಣದ ಹೆಸರಿನ ಮುಂದೆ ಸರ್ವರಿನ ಒಳವಿಳಾಸ ಬರೆದುಕೊಟ್ಟಿದ್ದನಂತೆ. ಸರ್ವರಿಗೇ ಅದನ್ನು ಹೇಳಿಕೊಡಲು ಮರೆತಿದ್ದ. ಅಲ್ಲಿಯ ಹೋಸ್ಟ್ಸ್ ಫೈಲಿಗೂ ಒಂದು ಸಾಲು ಸೇರಿಸಿದ: 127.0.0.1, ಒಂದು ಖಾಲಿ ಜಾಗ, ತಾಣದ ಹೆಸರು. ಸೈಟ್ ಹೆಲ್ತ್ ಮತ್ತೆ ತೆರೆದಾಗ ದೂರು ಇರಲಿಲ್ಲ. ಫೋನಿನ ಗೋಳು ಹಾಗೇ ಇದೆ. ಅದಕ್ಕೆ ಬೇರೆ ಉಪಾಯ ಬೇಕು.

ಮನೆಯಲ್ಲೇ ಸರ್ವರ್ ಇಡುವ ಆಸೆ ಹುಟ್ಟಿದವರಿಗೆ ಇಲ್ಲೊಂದು ಎಚ್ಚರಿಕೆ. ರೂಟರಿನ ಪುಟ ತೆರೆದು ಹೊರಗಡೆಯ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಕಂಪನಿಯವರು ಒಂದೇ ವಿಳಾಸವನ್ನು ಬೀದಿಗೆಲ್ಲ ಹಂಚಿದ್ದಾರೆ ಎಂದರ್ಥ. ಎಷ್ಟು ಬಾಗಿಲು ತೆರೆದಿಟ್ಟರೂ ಹೊರಗಿನವರು ಒಳಬರಲಾರರು.

ಇನ್ನು ಸರ್ವರು ಹೊರಗಿನವರ ಜೊತೆ ಆಡುವ ಮಾತಿಗೆ ಬಂದರೆ, ಕರ್ಲ್‌ನ 60ರ ನಂಬರು ಒಮ್ಮೆ ಊರಿಗೂರನ್ನೇ ಹಿಡಿದಿತ್ತು. 2021ರ ಸೆಪ್ಟೆಂಬರ್ 30ರಂದು, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರಗಳು ಆವರೆಗೆ ಆತುಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಆಯುಷ್ಯ ಮುಗಿಯಿತು. ಬ್ರೌಸರುಗಳು ಬೇರೆ ದಾರಿ ಹಿಡಿದು ನಡೆದವು. ಆದರೆ ಓಪನ್‌ಎಸ್‌ಎಸ್‌ಎಲ್ 1.0.2ರಂಥ ಹಳೆಯ ತಂತ್ರಾಂಶ ಉಳಿಸಿಕೊಂಡಿದ್ದ ಸರ್ವರುಗಳು ಸತ್ತ ಬೇರನ್ನೇ ಹಿಡಿದು ನಿಂತವು. ವರ್ಡ್‌ಪ್ರೆಸ್ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡ ನಂಬುಗೆಯ ಪಟ್ಟಿಯಲ್ಲೂ ಆ ಬೇರು ಉಳಿದಿತ್ತು, ನವೆಂಬರಿನ 5.8.2ನೇ ಆವೃತ್ತಿಯಲ್ಲಿ ಅದನ್ನು ಕಿತ್ತರು. ಓದುಗರಿಗೆ ತಾಣ ಸುಸೂತ್ರ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು. ಆಗ ಹಲವರು ಪ್ರಮಾಣಪತ್ರದ ತಪಾಸಣೆಯನ್ನೇ ಆರಿಸಿ ಕೈತೊಳೆದುಕೊಂಡರು. ಜ್ವರ ಕಾಣಬಾರದೆಂದು ಥರ್ಮಾಮೀಟರ್ ಒಡೆಯುವ ಈ ಬುದ್ಧಿಯನ್ನು ನಾನು ಒಪ್ಪುವುದಿಲ್ಲ.

ಬ್ರೌಸರ್ ಮತ್ತು ಸರ್ವರಿನ ಜಗಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೆಯುವಾಗ ಮೇಲೆ ಸಂಪರ್ಕ ತಪ್ಪಿದೆ ಎಂಬ ಪಟ್ಟಿ ಬಂದರೆ ಬರೆದದ್ದನ್ನು ಮೊದಲು ನೋಟ್‌ಪ್ಯಾಡಿಗೆ ನಕಲಿಸಿ, ಆಮೇಲೆ ವೈಫೈ ನೋಡಿ. ಬಂದ ಉತ್ತರ ಜೇಸನ್ ಅಲ್ಲ ಎಂದು ಬರೆಯುವ ಎಡಿಟರ್ ಪುಟ ಗೊಣಗಿದರೆ ಸೆಟ್ಟಿಂಗ್ಸಿನಲ್ಲಿ ತಾಣದ ವಿಳಾಸ ಎಚ್‌ಟಿಟಿಪಿಎಸ್ ಇದೆಯೇ ನೋಡಿ, ಪರ್ಮಾಲಿಂಕ್ ಪುಟಕ್ಕೆ ಹೋಗಿ ಏನೂ ಬದಲಿಸದೆ ಸೇವ್ ಒತ್ತಿ. ಮಂತ್ರದಂತಿದ್ದರೂ ಹಲವು ಸಲ ಕೆಲಸ ಮಾಡುತ್ತದೆ. ಹಾಗೆ ಒತ್ತಿದಾಗ ವಿಳಾಸಗಳ ದಾರಿಪಟ್ಟಿ ಹೊಸದಾಗಿ ಬರೆಯಲ್ಪಡುತ್ತದೆ.

ಲಾಗ್ ಓದುವ ಕನ್ನಡಿಗರಿಗೆ ಒಂದು ಪ್ರತ್ಯೇಕ ಕಷ್ಟವಿದೆ. ಬರಹದ ವಿಳಾಸ ಕನ್ನಡದಲ್ಲಿದ್ದರೆ ಲಾಗಿನಲ್ಲಿ ಅದು ಶೇಕಡಾ ಚಿಹ್ನೆಗಳ ಮುಳ್ಳುಬೇಲಿಯಾಗಿ ಕಾಣುತ್ತದೆ. ‘ಕ’ ಎಂಬ ಒಂದು ಅಕ್ಷರಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟು. ವಿಳಾಸಕ್ಕೆ ಇಳಿಸುವಾಗ ಒಂದೊಂದು ಬೈಟಿಗೂ ಮೂರು ಗುರುತು, ಒಟ್ಟು ಒಂಬತ್ತು. ಗುಣಿತ, ಒತ್ತುಗಳಿಗೆ ಬೇರೆ ಲೆಕ್ಕ. ವರ್ಡ್‌ಪ್ರೆಸ್ ಈ ವಿಳಾಸಕ್ಕೆ ಕೊಟ್ಟ ಜಾಗ 200 ಗುರುತು. ಸುಮಾರು ಇಪ್ಪತ್ತೆರಡು ಕನ್ನಡ ಚಿಹ್ನೆಗಳ ಆಚೆಗೆ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಯಾವ ಪುಟಕ್ಕೆ ಎರರ್ ಬಂತೆಂದು ಲಾಗಿನಲ್ಲಿ ಗುರುತಿಸಬೇಕಾದರೆ ಬೇಲಿಯನ್ನು ಬಿಡಿಸಿಯೇ ಓದಬೇಕು. ಅದಕ್ಕೇ ನಾನು ವಿಳಾಸವನ್ನು ಮೂರು ಪದಕ್ಕೆ ಮುಗಿಸುತ್ತೇನೆ.

ಬುಧವಾರ ಬೆಳಗ್ಗೆ ಆರೂಕಾಲಿಗೆ ಮತ್ತೆ ಶಿರಸಿಯ ಫೋನು. ‘ಇವತ್ತು ಆರಕ್ಕೆ ಅಂತ ಮತ್ತೆ ಇಟ್ಟಿದ್ದು ಆರಕ್ಕೇ ಬಂತು ಮಾರಾಯ್ರೆ. ಆದರೆ ಎರಡನೇ ಸಾಲಲ್ಲೇ ಅರ್ಥಧಾರಿಯ ಹೆಸರು ತಪ್ಪಾಗಿದೆ. ಅಷ್ಟು ದಿನ ಒಳಗೇ ಕೂತಿತ್ತಲ್ಲ, ಆಗ ಒಮ್ಮೆ ಓದಿದ್ದರೆ ಆಗ್ತಿತ್ತು.’