ಅಭಿಜಿತ್ತಿನಿಂದ ಮನೆಯವರೆಗೆ

ಕಾರ್ಲ್ ಸೇಗನ್ನರು 1985ರಲ್ಲಿ ಪ್ರಕಟಿಸಿದ ‘ಕಾಂಟ್ಯಾಕ್ಟ್’ ಕಾದಂಬರಿಯನ್ನು ಮೆಚ್ಚುವವರು ಬಹುಮಟ್ಟಿಗೆ ಅದರ ಗಣಿತವನ್ನೇ ಮೆಚ್ಚುತ್ತಾರೆ. ಇಪ್ಪತ್ತಾರು ಜ್ಯೋತಿರ್ವರ್ಷ ದೂರದ ಅಭಿಜಿತ್ ನಕ್ಷತ್ರದಿಂದ ಬಂದ ಅವಿಭಾಜ್ಯ ಸಂಖ್ಯೆಗಳು, ಐವರನ್ನು ಆಕಾಶಗಂಗೆಯ ನಡುವಿಗೆ ಒಯ್ದ ಯಂತ್ರ, ಪೈ ಸಂಖ್ಯೆಯ ಅಂಕೆಗಳ ಆಳದಲ್ಲಿ ಹುದುಗಿದ್ದ ವೃತ್ತ, ಇವೆಲ್ಲ ವಿಮರ್ಶಕರಿಗೆ ಕಂಠಪಾಠ. ನನ್ನ ಎಣಿಕೆಯಲ್ಲಿ ಈ ಗ್ರಂಥದ ಪ್ರಾಣವೂ ಪ್ರಮಾದವೂ ಇರುವುದು ತಾಯಿಯೊಬ್ಬಳು ಬರೆದಿಟ್ಟು ಹೋದ ಕಾಗದದಲ್ಲಿ.

ಆ ಐವರಲ್ಲೊಬ್ಬಳಾದ ವಿಜ್ಞಾನಿ, ಕಥಾನಾಯಕಿ ಎಲೀ ಆರೋವೇ, ಬಾಲ್ಯದಲ್ಲಿ ಕಳೆದುಕೊಂಡ ಟೆಡ್ ಎಂಬ ತಂದೆಯನ್ನು ಆರಾಧಿಸುತ್ತ, ಅವನ ಸ್ಥಾನಕ್ಕೆ ಬಂದ ಮಲತಂದೆ ಸ್ಟಾಟನ್ನನನ್ನು ದ್ವೇಷಿಸುತ್ತ ಬೆಳೆದವಳು. ಯಾತ್ರೆಯ ಆ ತುದಿಯ ಕಡಲತೀರದಲ್ಲಿ ಅನ್ಯಲೋಕದ ಜೀವಿ ಟೆಡ್ಡನ ರೂಪದಲ್ಲೇ ಅವಳೆದುರು ನಿಲ್ಲುತ್ತದೆ. ಇದು ಅಗ್ಗದ ಭಾವುಕತೆಯೆಂದು ಮೂಗು ಮುರಿಯುವವರುಂಟು. ಅವರು ಕಾದಂಬರಿಯನ್ನು ಕಡೆಯವರೆಗೆ ಓದಿದರೋ, ಇಲ್ಲ, ಸ್ಟಾಟನ್ನನನ್ನೇ ಕೈಬಿಟ್ಟ 1997ರ ಚಲನಚಿತ್ರವನ್ನು ನೋಡಿ ಲೇಖನಿ ಹಿಡಿದರೋ ಎಂಬ ಶಂಕೆ ನನಗೆ ಹಲವು ಸಲ ಬಂದಿದೆ. ಏಕೆಂದರೆ ತಾಯಿ ಸತ್ತ ಬಳಿಕ ತೆರೆಯುವ ಆ ಕಾಗದ, ಹೆತ್ತ ತಂದೆ ಸ್ಟಾಟನ್ನನೇ ಎಂದು ಹೇಳುತ್ತದೆ. ಹೇಳಿದೊಡನೆ ಕಡಲತೀರದ ಆ ಮುಖ ಬೇರೆಯಾಗಿ ಕಾಣುತ್ತದೆ: ಅವಳ ಸ್ಮೃತಿಯಿಂದಲೇ ರೂಪವನ್ನು ಎತ್ತಿಕೊಂಡ ಆ ಮಹಾಪ್ರಾಚೀನ ನಾಗರಿಕತೆಗೆ ಅವಳ ಅಜ್ಞಾನವನ್ನು ದಾಟಲಾಗಲಿಲ್ಲ. ಭಾವುಕತೆಯೆಂದು ಹಳಿದವರಿಗೆ ಕಾಣದೆ ಹೋದದ್ದು ಈ ವಿಡಂಬನೆ. ಸೇಗನ್ನರ ಕೈಯಿಂದ ಇದಕ್ಕಿಂತ ಸೂಕ್ಷ್ಮವಾದ ಕುಸುರಿ ಈ ಗ್ರಂಥದಲ್ಲಿ ಮತ್ತೊಂದಿಲ್ಲ.

ಆದರೆ ಇಷ್ಟನ್ನು ಕಟ್ಟಿದವರು ಅದನ್ನು ಅನುಭವಿಸಲು ಬಿಡುವು ಕೊಡಲಿಲ್ಲ. ಭೂಮಿಯ ಗಡಿಯಾರದಲ್ಲಿ ಇಪ್ಪತ್ತು ನಿಮಿಷವಷ್ಟೇ ಆದ ತನ್ನ ಯಾತ್ರೆಗೆ ಸಾಕ್ಷ್ಯವಿಲ್ಲದೆ ಅಪಹಾಸ್ಯಕ್ಕೀಡಾದ ವಿಜ್ಞಾನಿಗೆ, ಪ್ರೀತಿಸುವುದಕ್ಕೂ ರಕ್ತಸಂಬಂಧದ ಸಾಕ್ಷ್ಯ ಬೇಕಾಯಿತು. ಸ್ಟಾಟನ್ ಬರಿಯ ಮಲತಂದೆಯಾಗಿಯೇ ಉಳಿದಿದ್ದರೆ ಅಷ್ಟು ವರ್ಷಗಳ ತಿರಸ್ಕಾರ ನ್ಯಾಯವೆನಿಸುತ್ತಿತ್ತೆ? ಎತ್ತಿ ಆಡಿಸಿದ ಟೆಡ್ಡನ ಋಣ ಏನಾಯಿತು? ಜನ್ಮರಹಸ್ಯವನ್ನು ತಾಯಿಯಿಂದಲೇ ಕೇಳಿಯೂ ಒಡೆಯನ ಋಣವನ್ನು ಬಿಡಲೊಲ್ಲದ ಪಂಪನ ಕರ್ಣನನ್ನು ಬಲ್ಲ ನಮಗೆ ಈ ಪ್ರಶ್ನೆ ಹೊಸದಲ್ಲ. ಸೇಗನ್ನರು ಮಾತ್ರ ಅದರ ಬಳಿ ನಿಲ್ಲದೆ, ಪ್ರೇಮದ ಮಹಿಮೆಯನ್ನು ಕುರಿತು ಒಂದು ವಾಕ್ಯವನ್ನು ಹೇಳಿ ಮುಂದೆ ಸಾಗುತ್ತಾರೆ. ಆ ವಾಕ್ಯವನ್ನು ಜನ ಎಲ್ಲೆಲ್ಲೂ ಉದ್ಧರಿಸುತ್ತಾರೆ. ಕಾಗದವನ್ನು ಓದಿದ ಮಗಳು ಆ ಮುದುಕನ ಎದುರು ನಿಂತು ಏನೆಂದಳೆಂದು ತಿಳಿಯಲು ಪುಟ ತಿರುವಿದರೆ, ಅಲ್ಲಿ ಅವಳಿಗಾಗಿ ಪಟ್ಟುಹಿಡಿದು ಕಾದಿರುವುದು ಪೈಯಲ್ಲಿ ಆ ವೃತ್ತವನ್ನು ಕಂಡ ಗಣಕಯಂತ್ರ.