ಕಪ್ತಾನಗಿರಿ ಸಿಕ್ಕಮೇಲೆ: ಸಿ.ಎಲ್.ಆರ್. ಜೇಮ್ಸ್ ಮತ್ತು ಪಾಳವಣಕರ ಬಾಳೂ

ದ್ವೀಪದೇಶವೊಂದರ ಕ್ರಿಕೆಟ್, ಚರಿತ್ರೆ, ಸಾರ್ವಜನಿಕ ಬದುಕು ಎಂಬ ಇವತ್ತಿನ ವಿಷಯಕ್ಕೆ ನಾನು ಆರಿಸಿಕೊಂಡದ್ದು ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್ ಬರೆದು 1963ರಲ್ಲಿ ಪ್ರಕಟವಾದ ‘ಬಿಯಾಂಡ್ ಎ ಬೌಂಡರಿ’. ನನ್ನ ವಾದವನ್ನ ಮೊದಲೇ ಹೇಳಿಬಿಡ್ತೇನೆ. ಸಮಾನತೆ ಬಂತೋ ಇಲ್ಲವೋ ಅಂತ ಅಳೆಯಲಿಕ್ಕೆ ಜೇಮ್ಸ್ ಕೊನೆಗೆ ಹಿಡಿಯುವ ಕೋಲು ಕಪ್ತಾನಗಿರಿ. ಆ ಕೋಲು ಸಾಲೋದಿಲ್ಲ. ಯಾಕೆ ಸಾಲೋದಿಲ್ಲ ಅನ್ನೋದಕ್ಕೆ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಬೌಲರ್ ಪಾಳವಣಕರ ಬಾಳೂ ಅವರ ಬದುಕನ್ನ ಈ ಪುಸ್ತಕದ ಪಕ್ಕದಲ್ಲಿಟ್ಟು ನೋಡಬೇಕು.

ಮೊದಲು ಪುಸ್ತಕದ ಬಲ. ಜೇಮ್ಸ್ ಯುವಕರಾಗಿದ್ದಾಗ ಟ್ರಿನಿಡಾಡಿನಲ್ಲಿ ಯಾರು ಯಾವ ಕ್ಲಬ್ಬಿಗೆ ಸೇರಬೇಕು ಅನ್ನೋದನ್ನ ಮೈಬಣ್ಣ ಮತ್ತು ವರ್ಗ ತೀರ್ಮಾನ ಮಾಡ್ತಿದ್ದವು. ಕ್ವೀನ್ಸ್ ಪಾರ್ಕ್ ಬಿಳಿಯ ಸಿರಿವಂತರದು, ಮೇಪಲ್ ಕಂದು ಬಣ್ಣದ ಮಧ್ಯಮ ವರ್ಗದ್ದು, ಶಾನನ್ ಕಪ್ಪು ಜನರ ಕೆಳಮಧ್ಯಮ ವರ್ಗದ್ದು, ಸ್ಟಿಂಗೋ ಕಪ್ಪು ದುಡಿಮೆಗಾರರದು. ಕಪ್ಪು ಬಣ್ಣದ ಜೇಮ್ಸ್ ಶಾನನ್ ಬಿಟ್ಟು ಮೇಪಲ್ ಸೇರಿದರು. ಆ ಆಯ್ಕೆಯಿಂದ ತನ್ನ ರಾಜಕೀಯ ಬೆಳವಣಿಗೆ ವರ್ಷಗಟ್ಟಲೆ ತಡವಾಯ್ತು ಅಂತ ಅವರೇ ಬರೆದಿದ್ದಾರೆ. ಓಣಿಗೊಂದು ಜಾತಿ ಇರುವ ಊರುಗಳಿಂದ ಬಂದ ನಮಗೆ ಈ ಭಾಗವನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕದ ಕೊನೆಯ ಭಾಗದಲ್ಲಿ ಒತ್ತು ಬೇರೆ ಕಡೆ ಹೋಗ್ತದೆ. 1958ರಲ್ಲಿ ಊರಿಗೆ ಮರಳಿದ ಜೇಮ್ಸ್ ‘ದಿ ನೇಷನ್’ ಪತ್ರಿಕೆಯ ಸಂಪಾದಕರಾಗಿ, ಫ್ರಾಂಕ್ ವೊರೆಲ್ ಕಪ್ತಾನ ಆಗಲೇಬೇಕು ಅಂತ ಚಳವಳಿ ನಡೆಸಿದರು. 1960-61ರ ಆಸ್ಟ್ರೇಲಿಯಾ ಪ್ರವಾಸಕ್ಕೆ ವೊರೆಲ್ ಕಪ್ತಾನರಾದರು. ವೆಸ್ಟ್ ಇಂಡೀಸಿನ ಕಪ್ಪು ಆಟಗಾರನೊಬ್ಬ ಇಡೀ ಸರಣಿಗೆ ನಾಯಕನಾದದ್ದು ಅದೇ ಮೊದಲು. ತಂಡವನ್ನ ಬೀಳ್ಕೊಡಲು ಮೆಲ್ಬರ್ನಿನ ಬೀದಿಗಳಲ್ಲಿ ನೆರೆದ ಜನಸಾಗರದಲ್ಲಿ, ವೆಸ್ಟ್ ಇಂಡೀಸ್ ರಾಷ್ಟ್ರಗಳ ಸಾಲಿಗೆ ಸೇರಿದ ಗಳಿಗೆಯನ್ನ ಜೇಮ್ಸ್ ಕಾಣ್ತಾರೆ. ಆದರೆ ಪುಸ್ತಕ ಹೊರಬರುವ ಹೊತ್ತಿಗೆ ವೆಸ್ಟ್ ಇಂಡೀಸ್ ಒಕ್ಕೂಟವೇ ಇರಲಿಲ್ಲ. 1958ರಲ್ಲಿ ಕಟ್ಟಿದ್ದು 1962ರ ಮೇ ತಿಂಗಳಲ್ಲಿ ಮುರಿದುಬಿತ್ತು. ಆಗಸ್ಟಿನಲ್ಲಿ ಜಮೈಕಾ, ಟ್ರಿನಿಡಾಡ್ ಬೇರೆ ಬೇರೆಯಾಗಿ ಸ್ವತಂತ್ರವಾದವು. ತಂಡ ಉಳಿಯಿತು, ಒಕ್ಕೂಟ ಉಳಿಯಲಿಲ್ಲ. ಕಪ್ತಾನಗಿರಿ ಎಷ್ಟು ದೂರ ಎಳೆಯಬಲ್ಲದು ಅನ್ನೋ ಪ್ರಶ್ನೆ ಜೇಮ್ಸರ ನೆಲದಲ್ಲೇ ಎದ್ದಿದೆ.

ಈಗ ನಮ್ಮ ಕಡೆ ಬರೋಣ. ಬಾಳೂ ಅಸ್ಪೃಶ್ಯರೆಂದು ಎಣಿಸಲಾಗಿದ್ದ ಚಾಂಭಾರ ಸಮುದಾಯದವರು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ತಾ, ಸಾಹೇಬರಿಗೆ ನೆಟ್ಸ್‌ನಲ್ಲಿ ಚೆಂಡು ಎಸೆಯುತ್ತಾ ಎಡಗೈ ಸ್ಪಿನ್ ಪಳಗಿಸಿಕೊಂಡರು. ಆಮೇಲೆ ಹಿಂದೂಗಳ ಕ್ಲಬ್ಬಿಗೂ ಅವರು ಬೇಕಾದರು. ರಾಮಚಂದ್ರ ಗುಹಾ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ನಲ್ಲಿ ಬರೆಯುವ ಹಾಗೆ, ಮೈದಾನದಲ್ಲಿ ಎಲ್ಲರೂ ಬಾಳೂ ಮುಟ್ಟಿದ ಚೆಂಡನ್ನೇ ಮುಟ್ತಿದ್ದರು, ಚಹಾದ ಹೊತ್ತಿಗೆ ಅವರಿಗೆ ಪೆವಿಲಿಯನ್ನಿನ ಹೊರಗೆ, ಎಸೆದುಬಿಡುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡ್ತಿದ್ದರು. ಅಂದ್ರೆ ಚೆಂಡಿಗೆ ಮೈಲಿಗೆ ಇಲ್ಲ, ಕಪ್ಪಿಗೆ ಮೈಲಿಗೆ ಇದೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದರೂ ಬಾಳೂ ಹಿಂದೂ ತಂಡದ ಕಪ್ತಾನರಾಗಲಿಲ್ಲ. ತಮ್ಮ ವಿಠ್ಠಲ 1923ರಲ್ಲಿ ಕಪ್ತಾನರಾದರು, ಆ ವರ್ಷ ಹಿಂದೂ ತಂಡ ಮುಂಬಯಿಯ ಕ್ವಾಡ್ರಾಂಗ್ಯುಲರ್ ಗೆದ್ದಿತು.

ಜೇಮ್ಸರ ಕೋಲಿನಿಂದ ಅಳೆದರೆ ಕಥೆ ಇಲ್ಲಿಗೆ ಸುಖಾಂತ್ಯ. ಆದರೆ 1927ರಲ್ಲಿ, ನಾಲ್ಕೇ ವರ್ಷದ ಮೇಲೆ, ಮಹಾಡದ ಚವದಾರ ಕೆರೆಯ ನೀರು ಕುಡಿಯಲಿಕ್ಕೆ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಮಾಡಬೇಕಾಯ್ತು. ಗೆದ್ದ ಹಿಂದೂ ತಂಡಕ್ಕೆ ದಲಿತ ಕಪ್ತಾನ ಆಗಬಹುದು, ಊರ ಕೆರೆಗೆ ದಲಿತರು ಇಳಿಯುವಂತಿಲ್ಲ! 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನಿಂದ ಅಂಬೇಡ್ಕರರ ಎದುರು ನಿಂತು ಸೋತರು. ಮೈದಾನದ ಗೌರವ ಬೇರೆ, ನೀರಿನ ಹಕ್ಕು ಬೇರೆ ಅನ್ನೋ ಪಾಠ ಈ ವರ್ಷಗಳಲ್ಲಿದೆ.

ಹಾಗಾದರೆ ಕಪ್ತಾನಗಿರಿಯ ಹೋರಾಟ ವ್ಯರ್ಥವೇ ಅಂತ ನೀವು ಕೇಳಬಹುದು. ಅಲ್ಲ. 1920ರಲ್ಲಿ ತಮಗಾದ ಅನ್ಯಾಯದ ವಿರುದ್ಧ ವಿಠ್ಠಲ ಮತ್ತು ಶಿವರಾಮ ಸಹೋದರರು ತಂಡದಿಂದ ಹೊರಗುಳಿದು, ತಮ್ಮ ಮಾತನ್ನ ಬಹಿರಂಗವಾಗಿ ಹೇಳಿದರು. ಆಟ ಜನರನ್ನ ಸಾರ್ವಜನಿಕವಾಗಿ ವಾದ ಮಾಡಲು ಕಲಿಸ್ತದೆ ಅನ್ನೋ ಜೇಮ್ಸರ ಒಳನೋಟ ಇಲ್ಲಿ ಪೂರಾ ನಿಜ. ಹೋರಾಟ ಕಲಿಸಿದ್ದು ದೊಡ್ಡದು. ಅದಕ್ಕೆ ಸಿಕ್ಕ ಹುದ್ದೆಯನ್ನೇ ಗುರಿ ಮುಟ್ಟಿದ್ದಕ್ಕೆ ಗುರುತು ಅಂತ ಓದುವುದಕ್ಕೆ ಮಾತ್ರ ನನ್ನ ತಕರಾರು.

ಮಾಕಣಿಯಿಂದ ಮಾತಾಡ್ತಿರುವ ನನಗೆ ಈ ತಕರಾರು ಬರೇ ಪುಸ್ತಕದ್ದಲ್ಲ. 1956ರ ನವೆಂಬರ್ 1ರಂದು ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಿಂದ ಮುಂಬಯಿ ರಾಜ್ಯಕ್ಕೆ ಹೋದವು. ಕಾಗದದ ಮೇಲಿನ ಗಡಿ ಒಂದೇ ದಿನಕ್ಕೆ ಸರಿಯಿತು. ಬಾವಿಕಟ್ಟೆಯ ಗಡಿ ಹಾಗೆ ಸರಿಯಲಿಲ್ಲ. ಕನ್ನಡ ಯಾವ ರಾಜ್ಯದಲ್ಲಿರಬೇಕು ಅಂತ ನಾವು ಮಾಡಿದಷ್ಟು ಚರ್ಚೆಯನ್ನ, ಕನ್ನಡ ಮಾತಾಡುವವರು ಒಬ್ಬರ ಮನೇಲಿ ಒಬ್ಬರು ನೀರು ಕುಡೀತಾರಾ ಅನ್ನೋದರ ಬಗ್ಗೆ ಮಾಡಿಲ್ಲ.

ಆದ್ದರಿಂದ ನಮ್ಮ ವಿದ್ಯಾರ್ಥಿ ಗೆಳೆಯರಿಗೆ ಒಂದು ಸೂಚನೆ. ಬೇಸಿಗೆಯಲ್ಲಿ ಊರೂರಿಗೆ ‘ಚಷಕ’ದ ಹೆಸರಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ ನಡೀತವೆ. ಅವುಗಳ ಮೇಲೆ ಅಧ್ಯಯನ ಮಾಡುವಾಗ ಕಪ್ತಾನ ಯಾರು ಅಂತ ಕೇಳಿ ನಿಲ್ಲಬೇಡಿ. ಮೈದಾನ ಯಾರ ಹೊಲ, ಪರ ಊರಿನ ತಂಡ ಯಾರ ಮನೇಲಿ ಉಣ್ತದೆ, ನೀರಿನ ಕೊಡಕ್ಕೆ ಯಾರು ಕೈ ಹಾಕ್ತಾರೆ ಅಂತಲೂ ಬರೆದುಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳನ್ನ ಕೇಳ್ತೇನೆ.