ಸರ್ಕಾರದ ತಿಂಗಳು, ಓದುಗರ ಹಬ್ಬ

ಸೆಪ್ಟೆಂಬರ್ 15 ಹತ್ತಿರವಾದಂತೆ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬಾಗಿಲೆದುರಿನ ಮೇಜು ಸಿಂಗಾರಗೊಳ್ಳುತ್ತದೆ. ಮೇಲೆ ಬಣ್ಣದ ಕಾಗದ ಕತ್ತರಿಸಿ ಕಟ್ಟಿದ ಮೆಕ್ಸಿಕೋದ ತೋರಣ, ಕೆಳಗೆ ಕಲಾವಿದೆ ಫ್ರಿಡಾ ಕಾಹ್ಲೋ ಮುಖವಿರುವ ಪುಸ್ತಕ, ಪಕ್ಕದಲ್ಲಿ ಮಾರ್ಕ್ವೆಜ್ ಕಾದಂಬರಿ. ಅಕ್ಟೋಬರ್ 15 ಕಳೆಯುತ್ತಲೇ ಆ ಜಾಗಕ್ಕೆ ಹ್ಯಾಲೋವೀನ್ ಕುಂಬಳಕಾಯಿ ಬಂದು ಕೂರುತ್ತದೆ. ಇದು ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ನುಡಿಯ ನಾಡುಗಳ, ಪರಂಪರೆಯ ಮಾಸಾಚರಣೆಯ ಸಿದ್ಧ ಮಾದರಿ.

ಆಚರಣೆಯ ದಿನಾಂಕಕ್ಕೆ ಆಧಾರವಿಲ್ಲದಿಲ್ಲ. ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರಿಕಾಗಳ ಸ್ವಾತಂತ್ರ್ಯದ ದಿನ ಸೆಪ್ಟೆಂಬರ್ 15. ಮರುದಿನ ಮೆಕ್ಸಿಕೋ, 18ಕ್ಕೆ ಚಿಲಿ. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ ಒಂದು ವಾರವಾಗಿ ಶುರುವಾದ ಇದು 1988ರಲ್ಲಿ ರೇಗನ್ ಸಹಿಯಿಂದ ತಿಂಗಳಾಯಿತು. ಲಾಭವೂ ಉಂಟು: ಪುಸ್ತಕ ಖರೀದಿಗೆ, ಲೇಖಕರನ್ನು ಕರೆಸುವುದಕ್ಕೆ ಗ್ರಂಥಪಾಲಕರು ಮೇಲಿನವರ ಮುಂದಿಡಲು ಒಂದು ನೆಪ ಸಿಗುತ್ತದೆ. ನನ್ನ ತಕರಾರು ಇರುವುದು ತಿಂಗಳ ಬಗ್ಗೆಯಲ್ಲ, ಅಳತೆಗೋಲಿನ ಬಗ್ಗೆ. ಸರ್ಕಾರದ ಕ್ಯಾಲೆಂಡರ್ ತೋರಿಸಿದ ದಿನ ಕೆಲಸ ಮಾಡುವುದು ಸುಲಭ. ಓದುಗರ ಕ್ಯಾಲೆಂಡರ್ ತಿಳಿದುಕೊಂಡು ಮಾಡುವುದು ಕಷ್ಟ. ಗ್ರಂಥಾಲಯದ ಯೋಗ್ಯತೆ ಗೊತ್ತಾಗುವುದು ಈ ಎರಡನೆಯದರಲ್ಲಿ.

ಈ ಕಷ್ಟದ ಕೆಲಸವನ್ನು ಮಾಸಾಚರಣೆ ಹುಟ್ಟುವ ಎಷ್ಟೋ ಮೊದಲೇ ಮಾಡಿ ತೋರಿಸಿದವರು ಪುರಾ ಬೆಲ್ಪ್ರೆ. ಪೋರ್ಟೊರಿಕೋದಿಂದ ಬಂದ ಆಕೆ 1921ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಹಾರ್ಲೆಮ್‌ನ 135ನೇ ಬೀದಿಯ ಶಾಖೆಗೆ ಸೇರಿದರು. ಮಕ್ಕಳ ಕಪಾಟಿನಲ್ಲಿ ತನ್ನ ನಾಡಿನ ಕಥೆಗಳೇ ಇಲ್ಲವೆಂಬುದನ್ನು ಕಂಡು ಅವರು ಪ್ರದರ್ಶನದ ಮೇಜು ಹಾಕಲಿಲ್ಲ. ಬಾಯಲ್ಲಿದ್ದ ಕಥೆಗಳನ್ನು ಬರೆದರು, ಗೊಂಬೆಗಳನ್ನು ಮಾಡಿ ಆಡಿಸಿದರು. ಅಂಥ ಒಂದು ಕಥೆಯಲ್ಲಿ ಮಾರ್ಟೀನಾ ಎಂಬ ಜಿರಲೆ ಒಬ್ಬೊಬ್ಬ ವರನನ್ನೂ ಪರೀಕ್ಷಿಸಿ ಬೇಡವೆಂದು, ಕೊನೆಗೆ ಪೆರೆಸ್ ಎಂಬ ಇಲಿಯ ಕೈಹಿಡಿಯುತ್ತಾಳೆ. ಕ್ರಿಸ್‌ಮಸ್‌ಗೆ ಅವಳು ಬಾದಾಮಿ, ದ್ರಾಕ್ಷಿ ಹಾಕಿ ಅಕ್ಕಿ ಪಾಯಸ ಬೇಯಿಸುತ್ತಾಳೆ. ರುಚಿ ನೋಡಲು ಬಗ್ಗಿದ ಪೆರೆಸ್ ಪಾತ್ರೆಯೊಳಗೆ ಬಿದ್ದು ಸಾಯುತ್ತಾನೆ. ಮಕ್ಕಳ ಕಥೆಯೆಂದು ಸಾವನ್ನು ಮರೆಮಾಡದ ಈ ದಿಟ್ಟತನ ಜನಪದದ್ದು. 1932ರಲ್ಲಿ ಆ ಕಥೆ ಪುಸ್ತಕವಾಯಿತು. ಮುಂದೆ 115ನೇ ಬೀದಿಯ ಶಾಖೆಯಲ್ಲಿ ಅವರು ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಕಥೆ ಹೇಳಿದರು. ಶಿಶು ಯೇಸುವನ್ನು ಕಾಣಬಂದ ಮೂವರು ಅರಸರ ನೆನಪಿನ ಜನವರಿ 6ರ ಹಬ್ಬವನ್ನು ಗ್ರಂಥಾಲಯದೊಳಗೇ ಆಚರಿಸಿದರು. ಪೋರ್ಟೊರಿಕೋದ ಮಕ್ಕಳು ಅರಸರ ಒಂಟೆಗಳಿಗೆಂದು ಡಬ್ಬಿಯಲ್ಲಿ ಹುಲ್ಲಿಟ್ಟು ಮಲಗುವ ರಾತ್ರಿ ಕಳೆದ ಬೆಳಗಿನ ಹಬ್ಬ ಅದು. ಆ ದಿನವನ್ನು ಆರಿಸಿದ್ದು ವಾಷಿಂಗ್ಟನ್ ಅಲ್ಲ, ಆ ಬೀದಿಯ ಮನೆಗಳು.

ಅದೇ 135ನೇ ಬೀದಿಯ ಶಾಖೆ ಇಂದಿನ ಮಾದರಿಯ ಇನ್ನೊಂದು ದೋಷವನ್ನೂ ತೋರಿಸುತ್ತದೆ. ಪೋರ್ಟೊರಿಕೋದ ಸಾನ್ ಹ್ವಾನ್‌ನಲ್ಲಿ 1874ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಆರ್ತುರೊ ಷೋಂಬರ್ಗ್ ಬಾಳಿಡೀ ಕೂಡಿಸಿದ ಪುಸ್ತಕ ಭಂಡಾರ 1926ರಲ್ಲಿ ಕಾರ್ನೆಗಿ ಸಂಸ್ಥೆಯ 10,000 ಡಾಲರ್ ನೆರವಿನಿಂದ ಸೇರಿದ್ದು ಇಲ್ಲಿಗೇ. ಕ್ಯೂಬಾ, ಪೋರ್ಟೊರಿಕೋಗಳ ಸ್ವಾತಂತ್ರ್ಯಕ್ಕಾಗಿ ದುಡಿದ ಈ ಮನುಷ್ಯನನ್ನು ಯಾವ ಮೇಜಿನ ಮೇಲಿಡಬೇಕು? ಸಾಮಾನ್ಯವಾಗಿ ಆತ ಫೆಬ್ರವರಿಯ ಕಪ್ಪು ಇತಿಹಾಸ ಮಾಸಕ್ಕೆ ಸಲ್ಲುತ್ತಾನೆ. ತಿಂಗಳುಗಳನ್ನು ಪಾಲು ಮಾಡಿ ಹಂಚಿದರೆ ಎರಡು ಪಾಲಿಗೂ ಸೇರಿದವರು ಒಂದು ಕಡೆ ಕಾಣೆಯಾಗುತ್ತಾರೆ. ಇಪ್ಪತ್ತರಷ್ಟು ದೇಶಗಳ ಪರವಾಗಿ ಮೆಕ್ಸಿಕೋದ ತೋರಣವೊಂದೇ ತೂಗುವುದೂ ಇದೇ ಸೋಮಾರಿತನದಿಂದ.

ಯುಯಿ ಮೊರಾಲೆಸ್ ಅವರ 2018ರ ಚಿತ್ರಪುಸ್ತಕ ‘ಡ್ರೀಮರ್ಸ್’ ಈ ವಿಷಯದಲ್ಲಿ ಒಳ್ಳೆಯ ಸಾಕ್ಷಿ. 1994ರಲ್ಲಿ ಮೆಕ್ಸಿಕೋದಿಂದ ಎಳೆಯ ಮಗನನ್ನೆತ್ತಿಕೊಂಡು ಬಂದ ತಾಯಿ, ಭಾಷೆ ಬಾರದೆ, ರೀತಿನೀತಿ ತಿಳಿಯದೆ ಎಡವುತ್ತಾ ಅಲೆಯುತ್ತಾಳೆ. ಸಾನ್ ಫ್ರಾನ್ಸಿಸ್ಕೋದ ಗ್ರಂಥಾಲಯವೊಂದು ಸಿಗುತ್ತದೆ. ಮಗನ ಜೊತೆ ಕೂತು ಚಿತ್ರಪುಸ್ತಕ ಓದುತ್ತಲೇ ಅವಳೂ ಭಾಷೆ ಕಲಿಯುತ್ತಾಳೆ. ಬೆಲ್ಪ್ರೆ ಹೆಸರಿನಲ್ಲೇ 1996ರಿಂದ ಕೊಡುತ್ತಿರುವ ಪ್ರಶಸ್ತಿ 2019ರಲ್ಲಿ ಅದರ ಚಿತ್ರಗಳಿಗೆ ಬಂತು. ಇಡೀ ಪುಸ್ತಕದಲ್ಲಿ ಮಾಸಾಚರಣೆಯ ಸುಳಿವಿಲ್ಲ. ಆ ತಾಯಿಗೆ ಒದಗಿದ್ದು ಸಾಮಾನ್ಯ ದಿನವೊಂದರ ಗ್ರಂಥಾಲಯ: ಯಾರೂ ಏಳು ಎನ್ನದ ಕುರ್ಚಿ, ಕೈಗೆಟಕುವ ಕಪಾಟು.

ಆ ಕಪಾಟಿಗೂ ತನ್ನದೇ ಕಾಲವಿದೆ. ಅಮೆರಿಕದ ಅನೇಕ ಗ್ರಂಥಪಾಲಕರು ನವೆಂಬರ್ ಕೊನೆಯಲ್ಲಿ ಮೆಕ್ಸಿಕೋದ ಗ್ವಾದಲಹಾರಾ ಪುಸ್ತಕ ಮೇಳಕ್ಕೆ ಹೋಗಿ ಸ್ಪ್ಯಾನಿಷ್ ಪುಸ್ತಕಗಳನ್ನು ಖುದ್ದು ಆರಿಸುತ್ತಾರೆ. ಇಂಗ್ಲಿಷಿನ ಜನಪ್ರಿಯ ಪುಸ್ತಕಗಳ ಅನುವಾದದಿಂದಲೇ ಸ್ಪ್ಯಾನಿಷ್ ವಿಭಾಗ ತುಂಬಿಸುವುದಕ್ಕೂ, ಬೊಗೋಟಾ ಅಥವಾ ಬ್ಯೂನಸ್ ಐರಿಸ್‌ನ ಲೇಖಕಿಯನ್ನು ಓದಿ ನೋಡಿ ತರುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ತೀರ್ಮಾನವಾಗುತ್ತದೆ. ಹಾಗೆಯೇ ಲೇಖಕಿ ಪ್ಯಾಟ್ ಮೋರಾ 1996ರಲ್ಲಿ ಆರಂಭಿಸಿದ ಮಕ್ಕಳ ಮತ್ತು ಪುಸ್ತಕಗಳ ದಿನ ಏಪ್ರಿಲ್ 30ಕ್ಕೆ. ಜನವರಿ, ಏಪ್ರಿಲ್, ನವೆಂಬರ್: ಒಳ್ಳೆಯ ಕೆಲಸಗಳಲ್ಲಿ ಇಷ್ಟೊಂದು ಆ ಮಾಸದ ಆಚೆಗೇ ಬಿದ್ದಿರುವುದು ಆಕಸ್ಮಿಕವಲ್ಲ.

ಹಾಗಾಗಿ ಸಿಂಗರಿಸಿದ ಮೇಜನ್ನು ನೋಡಿ ಅಂಕ ಕೊಡುವುದು ಆತುರದ ಮಾತು. ಕೌಂಟರಿನ ಹಿಂದೆ ಸ್ಪ್ಯಾನಿಷ್ ಬಲ್ಲವರು ಇದ್ದಾರೆಯೇ, ಕಳೆದ ಚಳಿಗಾಲದಲ್ಲಿ ಎಲ್ಲಿಂದ ಏನು ಕೊಂಡರು, ಷೋಂಬರ್ಗ್‌ನಂಥವರು ಎರಡೂ ಮೇಜುಗಳಲ್ಲಿ ಸಿಗುತ್ತಾರೆಯೇ ಎಂದು ಕೇಳಬೇಕು. ಇವಕ್ಕೆ ಉತ್ತರವಿರುವ ಗ್ರಂಥಾಲಯ ಸೆಪ್ಟೆಂಬರ್‌ನಲ್ಲಿ ತೋರಣ ಕಟ್ಟದಿದ್ದರೂ ಪಾಸು. ಉತ್ತರವಿಲ್ಲದ್ದು ಎಷ್ಟು ತೋರಣ ಕಟ್ಟಿದರೂ ನಪಾಸು.